ಮುಂದಿನ ಸೀಸನ್ ಅಕ್ಕ

ಸೀಸನ್ ಅಕ್ಕನ ಮುಂದೆ ‘ಆ ಸೀರಿಯಲ್ ಮುಗಿದು ಯಾವ ಕಾಲವಾಯಿತು!’ ಅನ್ನಬಾರದು. ಅಂದವರನ್ನು ಅಕ್ಕ ಮೊದಲು ಕನಿಕರದಿಂದ ನೋಡುತ್ತಾಳೆ. ಆಮೇಲೆ, ‘ಮುಗಿದಿಲ್ರಿ, ನಿಂತದ ಅಷ್ಟೇ’ ಎಂದು ತಿದ್ದುತ್ತಾಳೆ. ಯಾಕೆ ನಿಂತಿತು, ಯಾರ ತಪ್ಪಿನಿಂದ ನಿಂತಿತು, ಎಲ್ಲಿಂದ ಮುಂದುವರಿಸಬೇಕು ಎಂಬುದನ್ನು ವಿವರಿಸಲು ಹೈದರಾಬಾದಿನ ಗಚ್ಚಿಬೌಲಿಯ ಆಫೀಸಿನ ಇಡೀ ಊಟದ ಹೊತ್ತು ಅವಳಿಗೆ ಸಾಲುವುದಿಲ್ಲ. ಉಳಿದದ್ದು ಸಂಜೆ ಮೆಟ್ರೋದಲ್ಲಿ, ರಾಯದುರ್ಗದಿಂದ ಅಮೀರ್‌ಪೇಟೆಯವರೆಗೆ. ಅಲ್ಲಿ ರೈಲು ಬದಲಿಸುವ ನೆಪದಲ್ಲಿ ಕೇಳುಗರು ತಪ್ಪಿಸಿಕೊಳ್ಳುತ್ತಾರೆ. ಅಕ್ಕ ಬೇಸರ ಮಾಡಿಕೊಳ್ಳುವುದಿಲ್ಲ. ಅದೂ ಅವಳ ಲೆಕ್ಕದಲ್ಲಿ ಮುಗಿದದ್ದಲ್ಲ, ನಿಂತದ್ದು.

ಅಕ್ಕನ ಸೀರಿಯಲ್ಲು ‘ರಿಮಿಕ್ಸ್’. 2004ರ ನವೆಂಬರಿನಲ್ಲಿ ಸ್ಟಾರ್ ಒನ್ ಎಂಬ ಹಿಂದಿ ಚಾನೆಲ್ಲಿನ ಜೊತೆಗೇ ಹುಟ್ಟಿದ್ದು. ಮೌರ್ಯ ಹೈ ಎಂಬ ಶ್ರೀಮಂತರ ಶಾಲೆ; ತಿಯಾ, ಅನ್ವೇಶಾ, ಯುವಿ, ರಣವೀರ್ ಎಂಬ ನಾಲ್ವರು; ಅವರದೊಂದು ಬ್ಯಾಂಡು; ಪ್ರೀತಿ, ಜಗಳ, ಹಾಡು, ಮತ್ತೆ ಪ್ರೀತಿ. ಮೂಲಕಥೆ ಅರ್ಜೆಂಟೀನಾದ ‘ರೆಬೆಲ್ಡೆ ವೇ’ ಧಾರಾವಾಹಿಯದು. 2006ರ ಜುಲೈಯಲ್ಲಿ ‘ರಿಮಿಕ್ಸ್’ ನಿಂತಿತು. 2011ರಲ್ಲಿ ಸ್ಟಾರ್ ಒನ್ ಚಾನೆಲ್ಲೇ ಹೋಗಿ ಅದರ ಜಾಗಕ್ಕೆ ಲೈಫ್ ಓಕೆ ಬಂತು. 2017ರಲ್ಲಿ ಲೈಫ್ ಓಕೆಯೂ ಹೋಗಿ ಸ್ಟಾರ್ ಭಾರತ್ ಬಂತು. ಹೀಗೆ ಸೀರಿಯಲ್ಲೂ ಇಲ್ಲ, ಅದನ್ನು ತೋರಿಸಿದ ಚಾನೆಲ್ಲೂ ಇಲ್ಲ, ಆ ಚಾನೆಲ್ಲಿನ ವಾರಸುದಾರನೂ ಇಲ್ಲ. ಮೂರು ತಲೆ ಮಣ್ಣಾದರೂ ಅಕ್ಕ ಮಾತ್ರ ತಿಥಿ ಮಾಡಲು ಒಪ್ಪುತ್ತಿಲ್ಲ.

ಈ ಹಟದ ಬೇರು ಬೀದರದಲ್ಲಿದೆ. ಹತ್ತನೆಯ ತರಗತಿಯಲ್ಲಿ ಅಕ್ಕನಿಗೆ ಒಳ್ಳೆಯ ಅಂಕ ಬಂದದ್ದೇ ಮುಳುವಾಯಿತು. ಅವರಪ್ಪ ಟ್ರಂಕು, ಬಕೆಟ್ಟು, ಶೇಂಗಾ ಹಿಂಡಿ ಡಬ್ಬಿ ಸಮೇತ ಅವಳನ್ನು ಹೈದರಾಬಾದಿನ ಒಂದು ವಸತಿ ಜೂನಿಯರ್ ಕಾಲೇಜಿಗೆ ತಂದು ಬಿಟ್ಟರು. ಬೆಳಗಿನ ಐದಕ್ಕೆ ಗಂಟೆ, ರಾತ್ರಿ ಹತ್ತಕ್ಕೆ ದೀಪ ಆರಿಸುವುದು, ನಡುವೆ ಎಲ್ಲವೂ ಎಂಸೆಟ್ ಪ್ರವೇಶ ಪರೀಕ್ಷೆ. ಆಟದ ಮೈದಾನ ಇದ್ದದ್ದು ಕಾಲೇಜಿನ ಬ್ರೋಷರಿನಲ್ಲಿ ಮಾತ್ರ. ರಜೆ ಸಿಕ್ಕಾಗ ಕಾಚಿಗುಡದ ಸೋದರತ್ತೆಯ ಮನೆಗೆ ಹೋಗುವುದು, ಅಲ್ಲಿ ಟಿವಿಯಲ್ಲಿ ಒಂದು ಎಪಿಸೋಡ್ ನೋಡುವುದು. ಯಾರೂ ಪುಸ್ತಕ ತೆರೆಯದ, ಯಾರೂ ನಪಾಸಾಗದ, ಯೂನಿಫಾರ್ಮಿನ ಮೇಲೆ ಗಿಟಾರು ಹಾಕಿಕೊಂಡು ಓಡಾಡುವ ಶಾಲೆ! ಅದೂ ಹಿಂದೂಸ್ತಾನದಲ್ಲೇ! ಅಕ್ಕ ಬಾಯಿ ತೆರೆದು ನೋಡಿದಳು. ಅತ್ತೆ ಚಾನೆಲ್ ಬದಲಿಸಿದರು.

ಮುಂದಿನ ರಜೆಯವರೆಗೆ ಕಾಯಬೇಕು. ಹೋದ ಸಲ ಕಿತ್ತಾಡುತ್ತಿದ್ದ ತಿಯಾ, ರಣವೀರ್ ಈ ಸಲ ಕೈ ಹಿಡಿದುಕೊಂಡಿದ್ದಾರೆ. ನಡುವೆ ಏನಾಯಿತು? ಹೇಳುವವರಿಲ್ಲ. ಅತ್ತೆಯನ್ನು ಕೇಳಿದರೆ, ‘ಮೊದ್ಲ ಓದ್ಕೋ’ ಎಂಬ ಒಂದೇ ಉತ್ತರ. ಹಾಗಾಗಿ ನಡುವಿನದನ್ನು ಅಕ್ಕನೇ ಭೌತಶಾಸ್ತ್ರದ ರೆಕಾರ್ಡಿನ ಹಿಂಬದಿ ಪುಟಗಳಲ್ಲಿ ಬರೆದುಕೊಂಡಳು. ಚಾನೆಲ್ಲಿನವರು ಹಾಕಿದ್ದಕ್ಕಿಂತ ಅಕ್ಕ ಹಾಕಿದ ಎಪಿಸೋಡುಗಳೇ ಹೆಚ್ಚಾದವು. 2006ರಲ್ಲಿ ಅವರು ನಿಲ್ಲಿಸಿದಾಗ ಅಕ್ಕನಿಗೆ ಹೆಚ್ಚಿನ ವ್ಯತ್ಯಾಸವೇನೂ ಆಗಲಿಲ್ಲ. ಪಾಲುದಾರ ಕೈಬಿಟ್ಟ ಅಂಗಡಿಯನ್ನು ಒಬ್ಬಳೇ ನಡೆಸತೊಡಗಿದಳು.

ಅಂಗಡಿ ಇನ್ನೂ ತೆರೆದಿದೆ. ಹೊಸ ಸೀಸನ್ನಿನ ಕಥೆ ಕೇಳಿ. ಮೌರ್ಯ ಹೈ ಕೋಕಾಪೇಟೆಯಲ್ಲಿ ಶಾಖೆ ತೆರೆದಿದೆ. ಆಗಿನ ಹುಡುಗರಿಗೆ ಈಗ ನಲವತ್ತರ ಹತ್ತಿರ ವಯಸ್ಸು. ರಣವೀರ್ ಪಾತ್ರ ಮಾಡಿದ ಕರಣ್ ವಾಹಿಯೇ ಪರದೆಯ ಮೇಲೆ ವಕೀಲನಾಗಿ ಬಡ್ತಿ ಪಡೆದದ್ದಾಗಿದೆ. ತಿಯಾ ಮೂವತ್ತೊಂದನೆಯ ಮಹಡಿಯಲ್ಲಿ ಮನೆ ಮಾಡಿ ನೀರಿನ ಟ್ಯಾಂಕರಿಗೆ ಕಾಯುತ್ತಿದ್ದಾಳೆ. ಒಂದಾನೊಂದು ಕಾಲಕ್ಕೆ ತಿಯಾಳ ಅಪ್ಪನ ಮೇಲೆ ಸೇಡು ತೀರಿಸಿಕೊಳ್ಳಲೆಂದೇ ಶಾಲೆ ಸೇರಿದ್ದ ರಣವೀರ್, ಈಗ ಫ್ಲ್ಯಾಟಿನ ಬೀಗದ ಕೈ ಕೊಡದ ಬಿಲ್ಡರನ ಮೇಲೆ ಸೇಡಿಗೆ ಹೊಂಚು ಹಾಕುತ್ತಿದ್ದಾನೆ. ಬಂಡಾಯಗಾರ್ತಿ ಅನ್ವೇಶಾ ಎಚ್‌ಆರ್ ಆಗಿದ್ದಾಳೆ. ಬೆಳಗ್ಗೆ ತಾನೇ ಹೊರಡಿಸಿದ ಸುತ್ತೋಲೆಯ ವಿರುದ್ಧ ಸಂಜೆ ತಾನೇ ಘೋಷಣೆ ಕೂಗುತ್ತಾಳೆ. ಯುವಿ ವಾರವಿಡೀ ಕೋಡು ಬರೆದು ಶನಿವಾರ ಪಬ್ಬಿನಲ್ಲಿ ಹಾಡುತ್ತಾನೆ.

ಪ್ರಣಯಕ್ಕೆ ಮಳೆ ಬೇಕಲ್ಲ? ಹೈದರಾಬಾದಿನ ಮಳೆಯಲ್ಲಿ ಕುಣಿಯಲು ಹೋದವರು ಮ್ಯಾನ್‌ಹೋಲ್ ಪಾಲಾದಾರು ಎಂಬ ಎಚ್ಚರ ಅಕ್ಕನಿಗಿದೆ. ಹಾಗಾಗಿ ಬಯೋಡೈವರ್ಸಿಟಿ ಜಂಕ್ಷನ್ನಿನಲ್ಲಿ ಎರಡು ತಾಸು ಕದಲದೆ ನಿಂತ ಕಾರಿನೊಳಗೆ ಪ್ರೇಮನಿವೇದನೆ ನಡೆಯುತ್ತದೆ. ‘ಒಲ್ಲೆ ಅನ್ನಬೇಕಂದ್ರೂ ಇಳ್ದು ಹೋಗ್ಲಿಕ್ಕ ಆಗಬಾರ್ದು ನೋಡ್ರಿ’ ಎಂಬುದು ಅಕ್ಕನ ಚಿತ್ರಕಥಾ ಸಿದ್ಧಾಂತ. ನಗರದ ಟ್ರಾಫಿಕ್ಕಿನಿಂದ ಇಷ್ಟೊಂದು ಉಪಯೋಗವನ್ನು ಬೇರೆ ಯಾರೂ ಪಡೆದ ಹಾಗಿಲ್ಲ.

ಕಥೆಯಲ್ಲಿ ಎರಡು ಕಟ್ಟುನಿಟ್ಟಿನ ನಿಯಮಗಳಿವೆ. ಯಾರೂ ಬೆಳಗಿನ ಐದಕ್ಕೆ ಏಳಬಾರದು. ಮತ್ತು ಪ್ರತಿ ಸೀಸನ್ನಿಗೂ ಬೀದರದಿಂದ ಒಬ್ಬ ಹೊಸ ಹುಡುಗಿ ಬರಬೇಕು. ಅವಳಿಗೂ ತನಗೂ ಏನೂ ಸಂಬಂಧವಿಲ್ಲ ಎಂದು ಅಕ್ಕ ಪ್ರಮಾಣ ಮಾಡುತ್ತಾಳೆ. ಆದರೆ ಬ್ಯಾಂಡು ಒಡೆದಾಗ ಕೂಡಿಸುವವಳು, ಬಿಲ್ಡರನ ಬಾಯಿ ಮುಚ್ಚಿಸುವವಳು, ಕೊನೆಯ ಹಾಡಿನ ಗಳಿಗೆಯಲ್ಲಿ ತಿಯಾಳ ಗಂಟಲು ಕೆಟ್ಟರೆ ಮೈಕು ಹಿಡಿಯುವವಳು ಪ್ರತಿ ಸಲವೂ ಆ ಹುಡುಗಿಯೇ.

ಚಿತ್ರೀಕರಣದ ಜಾಗವೂ ಗೊತ್ತಾಗಿದೆ: ರಾಮೋಜಿ ಫಿಲ್ಮ್ ಸಿಟಿ. ‘ನಮ್ಮ ಈಟಿವಿ ಕನ್ನಡದ ಸುದ್ದೀನೇ ಅಲ್ಲಿಂದ ಬರ್ತಿತ್ತು. ರೇಲ್ವೆ ಸ್ಟೇಷನ್ ಅದ, ಏರ್‌ಪೋರ್ಟ್ ಅದ. ಒಂದು ಸಾಲಿ ಕಟ್ಟೂದು ಏನು ದೊಡ್ಡದು?’ ಆ ಈಟಿವಿ ಕನ್ನಡವೇ 2015ರಲ್ಲಿ ಕಲರ್ಸ್ ಕನ್ನಡ ಆಯಿತಲ್ಲ ಎಂದರೆ ಅಕ್ಕನ ಮುಖ ಅರಳುತ್ತದೆ. ‘ನೋಡಿದ್ರ್ಯಾ? ಅದೂ ಮುಗೀಲಿಲ್ಲ!’

ನಿಂತದ್ದು ಮತ್ತೆ ಹೊರಟ ಉದಾಹರಣೆಗಳೆಲ್ಲ ಅಕ್ಕನಿಗೆ ಬಾಯಿಪಾಠ. ಅಮೆರಿಕದಲ್ಲಿ ‘ರಾಸ್‌ವೆಲ್’ ಎಂಬ ಹದಿಹರೆಯದವರ ಧಾರಾವಾಹಿ ನಿಲ್ಲುತ್ತದೆ ಎಂದಾಗ, ಅದರೊಳಗಿನ ಅನ್ಯಗ್ರಹದ ಹುಡುಗರಿಗೆ ಟಬಾಸ್ಕೊ ಖಾರ ಇಷ್ಟವೆಂದು ಅಭಿಮಾನಿಗಳು ಸಾವಿರಾರು ಬಾಟಲಿ ಟಬಾಸ್ಕೊವನ್ನು ಚಾನೆಲ್ಲಿಗೆ ಕಳಿಸಿದರು. ಇನ್ನಷ್ಟು ಕಾಲ ಓಡಿತು. ‘ವೆರೋನಿಕಾ ಮಾರ್ಸ್’ ಅಭಿಮಾನಿಗಳು 2013ರಲ್ಲಿ ಚಂದಾ ಎತ್ತಿ 57 ಲಕ್ಷ ಡಾಲರ್ ಕೂಡಿಸಿ ಸಿನಿಮಾ ಮಾಡಿಸಿದರು. ನಮ್ಮಲ್ಲೂ ಎಂಟಿವಿಯ ‘ಕೈಸಿ ಯೇ ಯಾರಿಯಾಂ’ 2015ರಲ್ಲಿ ನಿಂತು, 2018ರಲ್ಲಿ ಎದ್ದು, 2023ರಲ್ಲಿ ಐದನೆಯ ಸೀಸನ್ ಕಂಡಿತು. ಮೆಕ್ಸಿಕೋದವರಂತೂ ಅದೇ ಅರ್ಜೆಂಟೀನಾದ ಕಥೆಯಿಂದ ಮಾಡಿಕೊಂಡಿದ್ದ ತಮ್ಮ ‘ರೆಬೆಲ್ಡೆ’ಯನ್ನು 2022ರಲ್ಲಿ ಹೊಸದಾಗಿ ನೆಟ್‌ಫ್ಲಿಕ್ಸಿಗೆ ತಂದರು. ಅದು ಎರಡೇ ಸೀಸನ್ನಿಗೆ ನಿಂತಿತು ಎಂಬುದನ್ನು ಅಕ್ಕ ಸಣ್ಣ ದನಿಯಲ್ಲಿ ಹೇಳುತ್ತಾಳೆ. ಟಬಾಸ್ಕೊ ಖಾರದ ಬದಲು ತಾನು ಮುಂಬೈಗೆ ಉಸ್ಮಾನಿಯಾ ಬಿಸ್ಕತ್ತಿನ ಡಬ್ಬಿಗಳನ್ನು ಕಳಿಸುವ ಯೋಜನೆ ಅವಳಿಗಿತ್ತು. ಯಾವ ಚಾನೆಲ್ಲಿನ ವಿಳಾಸ ಬರೆಯಬೇಕೆಂದು ತಿಳಿಯದೆ, ಇರಾನಿ ಚಹಾದ ಜೊತೆ ಆಂದೋಲನವನ್ನು ತಿಂದು ಮುಗಿಸಲಾಯಿತು.

ಈ ಗುಣ ಸೀರಿಯಲ್ಲಿಗೇ ನಿಂತಿದ್ದರೆ ಚಿಂತೆಯಿರಲಿಲ್ಲ. ಅಕ್ಕ ಸಾಫ್ಟ್‌ವೇರ್ ಪರೀಕ್ಷಕಿ. ಅವಳ ಕೈಗೆ ಸಿಕ್ಕ ಯಾವ ದೋಷವೂ ಮುಚ್ಚುವುದಿಲ್ಲ; ‘ಮತ್ತ ಬಂದ್ರ?’ ಎಂದು ತೆರೆದೇ ಇಡುತ್ತಾಳೆ. ಗಂಡನ ಜೊತೆ ಸೋಫಾದ ಬಣ್ಣಕ್ಕೆ ಶುರುವಾದ ಜಗಳ ಸೋಫಾ ಹಳತಾಗಿ ಮಾರಿದ ಮೇಲೂ ಮುಂದುವರಿದಿದೆ. ರಾಜೀನಾಮೆ ಕೊಟ್ಟು ಹೋದ ಸಹೋದ್ಯೋಗಿಗಳ ಹುಟ್ಟುಹಬ್ಬಕ್ಕೂ ಆಫೀಸಿನಲ್ಲಿ ಕೇಕು ಕತ್ತರಿಸುತ್ತಾಳೆ. ಮಾತು ಬಿಟ್ಟ ವಾರಗಿತ್ತಿಗೆ ಯುಗಾದಿಗೂ ಸಂಕ್ರಾಂತಿಗೂ ಫೋನು ಮಾಡುತ್ತಾಳೆ. ಆಕೆ ಎತ್ತುವುದಿಲ್ಲ. ‘ಈ ಸೀಸನ್ನಿನಾಗ ಎತ್ತೂದಿಲ್ಲ’ ಎಂದು ಅಕ್ಕ ಫೋನಿಡುತ್ತಾಳೆ.

2020ರಲ್ಲಿ ಅಣ್ಣನ ಮಗಳು ಅಳುತ್ತಾ ಫೋನು ಮಾಡಿದ್ದಳು. ನೆಟ್‌ಫ್ಲಿಕ್ಸ್ ‘ದ ಸೊಸೈಟಿ’ಗೆ ಎರಡನೆಯ ಸೀಸನ್ ಕೊಡುತ್ತೇನೆಂದು ಒಪ್ಪಿ, ಕೋವಿಡ್ ಬಂತೆಂದು ರದ್ದು ಮಾಡಿತ್ತು. ಊರಿನ ಹಿರಿಯರೆಲ್ಲ ಮಾಯವಾಗಿ ಹುಡುಗರೇ ಉಳಿದ ಕಥೆ ಅರ್ಧದಲ್ಲೇ ನಿಂತಿತು. ಮನೆಯವರೆಲ್ಲ, ‘ಜಗತ್ತೇ ಹಿಂಗಾಗ್ಯದ, ನಿನಗ ಸೀರಿಯಲ್ ಚಿಂತಿ’ ಎಂದು ಗದರಿದರು. ಅಕ್ಕ ಒಬ್ಬಳೇ ಗದರಲಿಲ್ಲ. ವೃತ್ತಿಪರ ಗಾಂಭೀರ್ಯದಿಂದ, ‘ಕೊನಿಗೆ ಯಾರ್ಯಾರು ಎಲ್ಲೆಲ್ಲಿದ್ರು ಹೇಳು’ ಎಂದಳು. ರಾತ್ರಿ ಎರಡರವರೆಗೆ ಇಬ್ಬರೂ ಸೇರಿ ಎರಡನೆಯ ಸೀಸನ್ ಮುಗಿಸಿದರು. ಅದರಲ್ಲಿಯೂ ಬೀದರದ ಹುಡುಗಿಯೊಬ್ಬಳು ಹೇಗೋ ಬಂದು ಸೇರಿಕೊಂಡಳಂತೆ.

ಈಚೆಗೆ ಯಾರೋ, ‘ಅಕ್ಕಾ, ರಿಮಿಕ್ಸ್ ಖರೇನೇ ಮತ್ತ ತರ್ತಾರಂತ’ ಎಂದು ತಮಾಷೆಗೆ ಅಂದರು. ಕುಣಿದಾಡುತ್ತಾಳೆ ಎಂದುಕೊಂಡಿದ್ದೆವು. ಅಕ್ಕನ ಮುಖ ಬಿಳಿಚಿಕೊಂಡಿತು. ‘ಬ್ಯಾಡ್ರಿ! ಅವ್ರಿಗೇನು ಗೊತ್ತದ? ಪೂರಾ ಕೆಡಸ್ತಾರ’ ಎಂದಳು. ನಿಜ ಹೊರಬಿದ್ದದ್ದು ಆಗ. ಅಕ್ಕನಿಗೆ ಬೇಕಾದ ಸೀಸನ್ ಅವಳ ಹತ್ತಿರವೇ ಇದೆ. ಉಳಿದವರು ಅದಕ್ಕೆ ಕೈ ಹಾಕದಿದ್ದರೆ ಸಾಕು. ಚಾನೆಲ್ಲಿಗೆ ಟಿಆರ್‌ಪಿ ಬೇಕು, ಜಾಹೀರಾತು ಬೇಕು, ನಟರ ವಯಸ್ಸಿನ ಲೆಕ್ಕ ಬೇಕು. ಅಕ್ಕನ ಸೀಸನ್ನಿಗೆ ಇದಾವುದೂ ಬೇಡ. ಓದು ಓದು ಎಂದು ಕಳೆದ ಎರಡು ವರ್ಷಗಳನ್ನು ಅವಳು ಇಪ್ಪತ್ತು ವರ್ಷದಿಂದ ಅಲ್ಲಿ ಕುಳಿತು ಬಡ್ಡಿ ಸಮೇತ ವಸೂಲಿ ಮಾಡುತ್ತಿದ್ದಾಳೆ.

ಇಂಥವರು ಪ್ರತಿ ಮನೆತನಕ್ಕೆ ಒಬ್ಬರಾದರೂ ಇರುತ್ತಾರೆ, ಇರಬೇಕು ಕೂಡ. ಅವರಿಗೆ ‘ಇನ್ನೂ ಅದೇನಾ?’ ಎನ್ನಬೇಡಿ, ‘ಮುಂದೇನಾಯಿತು?’ ಎಂದು ಕೇಳಿ. ಆದರೆ ಮರುದಿನ ರಜೆ ಇದ್ದಾಗ ಮಾತ್ರ ಕೇಳಿ.