ಸಮುದ್ರವಿಲ್ಲದ ತಾಲ್ಲೂಕುಗಳ ಅರ್ಜಿ

ಕಾರ್ಯಸಾಧ್ಯತಾ ವರದಿ ಬರೆಯುವ ಮಾನ್ಯ ತಜ್ಞರಿಗೆ,

ಮೂಲನಿವಾಸಿಗಳೇ ನಡೆಸುವ ಸಾಗರ ಸಂರಕ್ಷಣಾ ವಲಯಕ್ಕೆ ತಾವು ಜಾಗ ಹುಡುಕುತ್ತಿದ್ದೀರಂತೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ನಾಲ್ಕೂ ಸಿದ್ಧ. ಸಮುದ್ರವೊಂದಿಲ್ಲ, ಅಷ್ಟೆ.

ಹಾಗಂತ ಕಡತ ಮುಚ್ಚಬೇಡಿ. ಕಾವೇರಿ ನ್ಯಾಯಮಂಡಳಿ 2007ರಲ್ಲಿ 740 ಟಿಎಂಸಿ ಹಂಚಿದಾಗ ಸಮುದ್ರಕ್ಕೂ 4 ಟಿಎಂಸಿ ಬರೆದಿಟ್ಟಿತು, ತಪ್ಪಿಸಲಾಗದ ಸೋರಿಕೆಯ ಲೆಕ್ಕದಲ್ಲಿ. ಕನ್ನಂಬಾಡಿ ಕಟ್ಟೆ 124.80 ಅಡಿ ಮುಟ್ಟೀತೇ ಎಂದು ವರ್ಷವರ್ಷವೂ ಕತ್ತು ಚಾಚುವ ನಮಗಿಂತ ಬಂಗಾಳ ಕೊಲ್ಲಿಯ ಪಾಲೇ ಖಾತ್ರಿ. ಒಂದೇ ಹೊಳೆಯ ಪಾಲುದಾರರಾದ ಮೇಲೆ ನಾವೂ ಕರಾವಳಿಯವರೇ ಅಲ್ಲವೇ?

ಜೀವಿಗಳ ಪಟ್ಟಿ ಬೇಕೆಂದರೆ ರಂಗನತಿಟ್ಟು ಇದೆ. ಸಲೀಂ ಅಲಿ ಹೇಳಿದರೆಂದು 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ರಾಜ್ಯದ ಮೊದಲ ರಾಮ್ಸರ್ ತಾಣವಾಯಿತು. ಮೊಸಳೆ, ನೀರುನಾಯಿ ಎರಡೂ ಹಾಜರ್. ನಾಗಮಂಗಲದವರು ಮಾತ್ರ ಆದಿಚುಂಚನಗಿರಿಯ ನವಿಲು ಕೊಡುತ್ತಾರೆ. ಜಲಚರವೆಂದು ಹೇಗಾದರೂ ಹೊಂದಿಸಿಕೊಳ್ಳಿ.

ತೊಡಕಿರುವುದು ನಡೆಸುವವರು ಯಾರು ಎಂಬಲ್ಲಿ. ಯಾವ ಮಡುವಿನಲ್ಲಿ ಯಾವ ಮೀನು, ಯಾವಾಗ ಬಲೆ ಬಿಡಬಾರದು ಎಂಬುದು ಹರಿಗೋಲಿನ ಬೆಸ್ತರಿಗೆ ಗೊತ್ತು. ಆದರೆ ಕಾನೂನು ಅದನ್ನು ಕೇಳುವುದಿಲ್ಲ, ಜಮೀನಿದೆಯೇ ಎಂದು ಕೇಳುತ್ತದೆ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಸಮುದಾಯ ಮೀಸಲು ಆಗಬೇಕಾದರೆ ಖಾಸಗಿ ಇಲ್ಲವೇ ಸಮುದಾಯದ ಭೂಮಿಯೇ ಬೇಕು. ಅದಕ್ಕೇ ನಮ್ಮ ಜಿಲ್ಲೆಯ ಕೊಕ್ಕರೆ ಬೆಳ್ಳೂರಿಗೆ 2007ರಲ್ಲಿ ಆ ಭಾಗ್ಯ ಬಂತು. ಅಲ್ಲಿಯವರು ಹೆಜ್ಜಾರ್ಲೆಯನ್ನು ಬಾಣಂತನಕ್ಕೆ ಬಂದ ಮಗಳಂತೆ ನೋಡಿಕೊಂಡದ್ದು ಕಾಯ್ದೆ ಹುಟ್ಟುವುದಕ್ಕೆ ಎಷ್ಟೋ ಮೊದಲು. ಹಕ್ಕಿ ಗೂಡು ಕಟ್ಟುವ ಹುಣಸೆಮರ ಅವರದ್ದಾಗಿತ್ತು ಎಂಬುದೇ ಅನುಕೂಲ. ಇಂಥ ಮೀಸಲಿನ ಸಮಿತಿ ಆರಿಸಿದ ಅಧ್ಯಕ್ಷರು ಗೌರವ ವನ್ಯಜೀವಿ ಪರಿಪಾಲಕರೂ ಆಗುತ್ತಾರೆ. ಗೌರವ ಎಂದರೆ ಸಂಬಳವಿಲ್ಲ ಎಂದು ತಮಗೆ ಬಿಡಿಸಿ ಹೇಳಬೇಕಿಲ್ಲ.

ಹೊಳೆಯೋ ಸರ್ಕಾರದ್ದು. ಅಲ್ಲಿ ಆಗುವುದೇನಿದ್ದರೂ ಸಂರಕ್ಷಣಾ ಮೀಸಲು, ಅದರ ಸಮಿತಿಗಿರುವುದು ಸಲಹೆ ಕೊಡುವ ಅಧಿಕಾರ. ಬೆಸ್ತರು ಸಭೆಗೆ ಬಂದು, ಚಹಾ ಕುಡಿದು, ಸಲಹೆ ಕೊಟ್ಟು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಹೋಗಬಹುದು. ಇದನ್ನೂ ನಾಯಕತ್ವವೆಂದೇ ತಮ್ಮ ವರದಿ ಎಣಿಸುವುದಾದರೆ ನಮ್ಮದೇನೂ ತಕರಾರಿಲ್ಲ. ಇಲ್ಲವಾದರೆ ಒಂದು ಶಿಫಾರಸು ಮಾಡಿ: ಕಾವೇರಿ, ಹೇಮಾವತಿಗಳನ್ನು ಬೆಸ್ತರ ಹೆಸರಿಗೆ ಖಾತೆ ಮಾಡಿಕೊಡಲಿ. ಪಹಣಿಯ ಬೆಳೆ ಕಾಲಂನಲ್ಲಿ ಮೀನು ಎಂದು ಬರೆಯಬಹುದೇ ಎಂಬುದನ್ನು ತಹಶೀಲ್ದಾರರ ಹತ್ತಿರ ತಾವೇ ಕೇಳಿ ತಿಳಿಸಿ. ನಾವು ಕೇಳಿದರೆ ಮುಂದಿನ ಸೋಮವಾರ ಬನ್ನಿ ಅನ್ನುತ್ತಾರೆ.

ಇತಿ,
ನಾಲ್ಕು ತಾಲ್ಲೂಕಿನ ಸ್ವಯಂಘೋಷಿತ ಕರಾವಳಿಗರ ಪರವಾಗಿ