ಚಾಸಿ ಶಾಸನದ ಪಾಠನಿರ್ಣಯ

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾಕ್ಕೆ ಸರಕಾರ ಅಲ್ ಜಾಹಿಯಾ ಎಂದು ಹೆಸರಿಟ್ಟು ವರ್ಷಗಳೇ ಕಳೆದವು. ನಮ್ಮವರ ಬಾಯಲ್ಲಿ ಅದಿನ್ನೂ ಟೂರಿಸ್ಟ್ ಕ್ಲಬ್ಬೇ. ಊರಿನ ಹೆಸರು ಪೂರ್ತಿ ತಪ್ಪಿದರೂ ಟ್ಯಾಕ್ಸಿಯವನು ತಂದು ಬಿಡುತ್ತಾನೆ. ಚಾಸಿ ನಂಬರಿನ ಒಂದಕ್ಷರ ತಪ್ಪಿದರೆ ಮಾತ್ರ ಎದುರಿಗಿರುವ ವ್ಯಾನು ಕಾನೂನಿನ ಕಣ್ಣಿಗೆ ಇಲ್ಲವೇ ಇಲ್ಲ. ಪ್ರಸ್ತುತ ಸಂಶೋಧನೆಯ ಅಗತ್ಯ ಇಷ್ಟರಿಂದಲೇ ಸಿದ್ಧ.

ಶಾಸನ ದೊರೆತ ಸ್ಥಳ: ಕೆಫೆಟೇರಿಯವೊಂದರ ಹಿಂಬದಿ, ಎಸಿ ನೀರು ತೊಟ್ಟಿಕ್ಕುವ ಗೋಡೆಯ ಪಕ್ಕ ನಿಂತ ಟೊಯೊಟಾ ಹಯೇಸ್. ವಂಶ: 2004ರಲ್ಲಿ ಆರಂಭವಾದ ಎಚ್200. ಉದ್ದೇಶ: ಶಾರ್ಜಾ ಮುಲ್ಕಿಯಾ (ಗಾಡಿಯ ನೋಂದಣಿ ಕಾರ್ಡು) ಬಿಟ್ಟು ಅಬುಧಾಬಿ ಮುಲ್ಕಿಯಾ ಪಡೆಯುವುದು. ಸ್ಥಿತಿ: ತುಕ್ಕು, ಗ್ರೀಸು, ಅಲ್ಲಲ್ಲಿ ಪರೋಟದ ಎಣ್ಣೆ.

ಬಿ.ಎಲ್. ರೈಸರು ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟ ತಂದದ್ದು 1886ರಲ್ಲಿ. ಆ ಪರಂಪರೆಯ ನಿಜವಾದ ವಾರಸುದಾರರು ಆರ್‌ಟಿಒ ಆಫೀಸಿನ ಹೊರಗೆ ಕೂರುವ ಏಜೆಂಟರೆಂಬುದು ನನ್ನ ಅಭಿಪ್ರಾಯ. ಗಾಡಿಯನ್ನು ಹೊರರಾಜ್ಯಕ್ಕೆ ಒಯ್ಯಲು ಬೇಕಾದ ಫಾರಂ 28ಕ್ಕೆ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಅಂಟಿಸುವವರು ಅವರೇ ತಾನೆ! ಕೆಫೆಟೇರಿಯದ ಮಾಲೀಕರು ಪುತ್ತೂರಿನವರು. ಆ ವಿದ್ಯೆ ಬಲ್ಲವರು. ಬಿಲ್ ಪುಸ್ತಕದ ಹಾಳೆ ಹರಿದು, ಕಬ್ಬಿಣದ ಮೇಲಿಟ್ಟು, ಆರ್ಡರ್ ಬರೆಯುವ ಪೆನ್ಸಿಲನ್ನು ಓರೆಯಾಗಿ ಉಜ್ಜಿದರು. ಅಕ್ಷರಗಳು ಬೆಳ್ಳಗೆ ಮೂಡಿದವು. ಜೊತೆಗೆ ಹಾಳೆಯ ಹಿಂಬದಿಯಿಂದ ‘2 ಕರಕ್, 1 ಆಮ್ಲೆಟ್’ ಎಂಬುದೂ ಇಣುಕುತ್ತಿದೆ. ಇದು ಪ್ರಕ್ಷಿಪ್ತ.

ಒಟ್ಟು 17 ಅಕ್ಷರ. ಮೊದಲಿನ ಜೆ, ಟಿ ಎಂದರೆ ಜಪಾನು, ಟೊಯೊಟಾ, ಇದರಲ್ಲಿ ತಕರಾರಿಲ್ಲ. ಹದಿನಾಲ್ಕನೆಯದು ತ್ರುಟಿತ. ಡ್ರೈವರ್ ಅದನ್ನು ‘ಓ’ ಎಂದು ಓದಿದರು. ಒಂದು, ಸೊನ್ನೆಗಳ ಜೊತೆ ಗೊಂದಲವಾಗದಿರಲೆಂದು ಐ, ಓ, ಕ್ಯೂಗಳಿಗೆ ಈ ಲಿಪಿಯಲ್ಲಿ ಪ್ರವೇಶವೇ ಇಲ್ಲದ ಕಾರಣ ಆ ಪಕ್ಷ ಚಹಾ ಆರುವ ಮೊದಲೇ ಬಿತ್ತು. ಅಡುಗೆಯವರದು 8, ಮಾಲೀಕರದು 6.

ಆಗ ಮೇಲಿನ ಫ್ಲಾಟಿನ ಅಕೌಂಟೆಂಟರು ಗಣಿತ ಪ್ರಸ್ಥಾನವನ್ನು ಮಂಡಿಸಿದರು. ಪ್ರತಿ ಅಕ್ಷರಕ್ಕೂ ಒಂದು ಬೆಲೆ ಕಟ್ಟಿ, ಸ್ಥಾನದ ತೂಕದಿಂದ ಗುಣಿಸಿ, ಕೂಡಿ, 11ರಿಂದ ಭಾಗಿಸಿದರೆ ಉಳಿಯುವ ಶೇಷ ಒಂಬತ್ತನೆಯ ಸ್ಥಾನದಲ್ಲಿರಬೇಕು. ಹತ್ತು ಉಳಿದರೆ ಎಕ್ಸ್. 8 ಹಾಕಿದರೂ 6 ಹಾಕಿದರೂ ಲೆಕ್ಕ ಕೂಡಲಿಲ್ಲ.

“ನಿಮ್ಮ ವ್ಯಾನು ಡುಪ್ಲಿಕೇಟ್ ಮಾರಾಯ್ರೆ.”

“ವ್ಯಾನು ಡುಪ್ಲಿಕೇಟಾದ್ರೆ ಲೋನು ಹೇಗೆ ಒರಿಜಿನಲ್ ಆಯ್ತು ಮಾರಾಯ್ರೆ?”

ಈ ಪ್ರತಿವಾದಕ್ಕೆ ಉತ್ತರ ಬಂದಿಲ್ಲ. ಆ ಲೆಕ್ಕ ಕಡ್ಡಾಯವಾಗಿರುವುದು ಅಮೆರಿಕ, ಕೆನಡಾದಂಥ ಕಡೆ. ಗಲ್ಫಿಗೆಂದು ಬಂದ ಜಪಾನಿ ವ್ಯಾನು ಅದನ್ನು ಪಾಲಿಸಲೇಬೇಕೆಂದಿಲ್ಲ. ಅಕೌಂಟೆಂಟರಿಗೆ ಇದನ್ನು ತಿಳಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಪಾಸಿಂಗಿನ ದಿನ ಇನ್ಸ್‌ಪೆಕ್ಟರ್ ಡೀಸೆಲ್ ಬಟ್ಟೆಯಿಂದ ಒಮ್ಮೆ ಒರೆಸಿ, ಟಾರ್ಚ್ ಬಿಟ್ಟು, ಮುಲ್ಕಿಯಾ ನೋಡಿ ‘3’ ಎಂದರು. ಮುಲ್ಕಿಯಾವನ್ನು ಮೊದಲೇ ನೋಡಬಹುದಿತ್ತೆಂಬ ಆಕ್ಷೇಪ ಸಂಶೋಧನೆಯ ಗಂಧವಿಲ್ಲದವರದು. ಬಳಿಕ ಅವರು ಬಗ್ಗಿ ಟಯರಿನ ಮೇಲಿನ ನಾಲ್ಕಂಕಿ ಓದಿದರು: 2317. ಅಂದರೆ 2017ರ 23ನೇ ವಾರ. ಐದು ವರ್ಷ ದಾಟಿದ ಟಯರಿಗೆ ಇಲ್ಲಿ ಪಾಸಿಂಗ್ ಇಲ್ಲ. ವ್ಯಾನು ಫೇಲ್.

ಈ ಎರಡನೇ ಶಾಸನದ ಬಗ್ಗೆಯೂ ಕೆಫೆಟೇರಿಯದಲ್ಲಿ ಒಮ್ಮತ ಮೂಡಿಲ್ಲ. ಅದು ಟಯರಿನ ರೇಟೆಂಬ ವಾದಕ್ಕೆ ಅಡುಗೆಯವರು ಅಂಟಿಕೊಂಡಿದ್ದಾರೆ.