ಗಾಬರಿ ಆಗಬ್ಯಾಡ್ರಿ

ಅಂಜಿಕೆಗೆ ಒಬ್ಬ ಯಜಮಾನ ಬೇಕು. ನಮ್ಮ ಮುಳಗುಂದದಲ್ಲಿ ಹುಡುಗರು ಮಾಸ್ತರಿಗೆ ಅಂಜುತ್ತಾರೆ, ಸೊಸೆಯಂದಿರು ಅತ್ತೆಗೆ ಅಂಜುತ್ತಿದ್ದರು (ಈಗ ಲೆಕ್ಕ ತಿರುಗಾಮುರುಗಾ ಆಗಿದೆ), ದೇವರಿಗಂತೂ ಎಲ್ಲರೂ ಅಂಜುತ್ತೇವೆಂದು ಹೇಳಿಕೊಳ್ಳುತ್ತೇವೆ. ಗಾಬರಿಗೆ ಆ ಹಂಗೇ ಇಲ್ಲ. ಯಾರಿಗೆ, ಯಾತಕ್ಕೆ ಅಂತ ಕೇಳುವಷ್ಟರಲ್ಲಿ ಅದು ಆಗಿಹೋಗಿರುತ್ತದೆ.

ಕುಲಗೋತ್ರ ನೋಡಿದರೂ ಇವೆರಡು ಬೇರೆ ಬೇರೆ. ಅಂಜು ಅಪ್ಪಟ ದ್ರಾವಿಡ. ತಮಿಳರೂ ಅಂಜುವುದಕ್ಕೆ ಅಂಜು ಎಂದೇ ಅನ್ನುತ್ತಾರೆ. ಅದೇ ಅರ್ಥದ ದಿಗಿಲಿನಲ್ಲಿ ತೆಲುಗರದೂ ಪಾಲಿದೆ, ಅವರಲ್ಲಿ ಅದು ದಿಗುಲು. ಗಾಬರಿ ಮಾತ್ರ ಉತ್ತರದ್ದು. ಮರಾಠಿಯ ಘಾಬರಣೆ, ಹಿಂದಿಯ ಘಬ್ರಾನಾ ಇದರ ದಾಯಾದಿಗಳು. ನಮ್ಮ ನಾಲಿಗೆಗೆ ಬರುವಷ್ಟರಲ್ಲಿ ಘಕಾರದ ಉಸಿರು ಹೋಗಿ ಗಕಾರವಾಯಿತು. ಗಾಬರಿಯಾದಾಗ ಉಸಿರು ಹೋಗುವುದು ಸಹಜವೇ. ಮರಾಠಿಯ ಮಾತು ನಮ್ಮಲ್ಲಿಗೆ ಬಂದದ್ದರಲ್ಲಿ ಸೋಜಿಗವಿಲ್ಲ: ಪಕ್ಕದ ಲಕ್ಷ್ಮೇಶ್ವರ ಆಗ ಮಿರಜ ಸಂಸ್ಥಾನದ್ದಾಗಿತ್ತು, ಶಿರಹಟ್ಟಿ ಸಾಂಗ್ಲಿಯದಾಗಿತ್ತು. ನಮ್ಮೂರು ಆಗ ಇದ್ದ ಧಾರವಾಡ ಜಿಲ್ಲೆಯೇ 1956ರ ತನಕ ಮುಂಬಯಿಗೆ ಸೇರಿತ್ತು. ತನಗೆ ಬಾರದ ಭಾಷೆಯಲ್ಲಿ ಕಂದಾಯದ ಕಾಗದ ಕೈಗೆ ಬಂದ ರೈತನೇ ಈ ಪದವನ್ನು ಮೊದಲು ಕಲಿತಿರಬೇಕೆಂದು ನನ್ನ ಊಹೆ. ನಿಘಂಟುಕಾರರು ಒಪ್ಪಲಿಕ್ಕಿಲ್ಲ, ಬಿಡಿ.

ನಯಸೇನ ಒಪ್ಪುತ್ತಿದ್ದನೋ ಇಲ್ಲವೋ. 1112ರ ಸುಮಾರಿಗೆ ಇದೇ ಮುಳಗುಂದದಲ್ಲಿ ‘ಧರ್ಮಾಮೃತ’ ಬರೆದ ಪುಣ್ಯಾತ್ಮ ಅವನು. ಶುದ್ಧ ಕನ್ನಡಕ್ಕೆ ಸಂಸ್ಕೃತ ಬೆರೆಸುವುದೆಂದರೆ ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದು ಗದರಿದ. ಹಾಗೆ ಗದರುವಾಗ ತುಪ್ಪಕ್ಕೂ ಎಣ್ಣೆಗೂ ಅವನಿಗೆ ಸಿಕ್ಕ ಮಾತು ಘೃತ ಮತ್ತು ತೈಲ! ಪದ್ಯ ಮುಗಿಸುವ ಗಾಬರಿಯಲ್ಲಿ ಇಂಥವೆಲ್ಲ ಆಗುತ್ತವೆ.

ನಮ್ಮ ದೊಡ್ಡವ್ವನಿಗೆ ನಯಸೇನ ಗೊತ್ತಿಲ್ಲ, ಗಾಬರಿ ಚೆನ್ನಾಗಿ ಗೊತ್ತು. ಬೇರೆಯವರಿಗೆ ಹಂಚುವ ಕಲೆಯೂ ಗೊತ್ತು. ರಾತ್ರಿ ಹನ್ನೊಂದಕ್ಕೆ ಫೋನು.

“ಗಾಬ್ರಿ ಆಗಬ್ಯಾಡ.”

“ಏನಾತು ದೊಡ್ಡವ್ವಾ?”

“ಏನಿಲ್ಲ. ಉಂಡ್ಯೇನು? ನಿಂತೀಯೋ ಕುಂತೀಯೋ? ಮೊದ್ಲು ಕುಂದ್ರು.”

ಕುಂತೆ. ಅಂಗೈ ಬೆವರಿ ಫೋನು ಜಾರುತ್ತಿತ್ತು. ಎದೆ ಡವಡವ. ಆಕೆ ಅಡಕೆ ಕಡಿಯುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಅಡಕೆ ನುಣ್ಣಗಾಗಿ ಅವಳು ಮತ್ತೆ ಮಾತಿಗೆ ಬರುವುದರೊಳಗೆ ನಾನು ಮನಸ್ಸಿನಲ್ಲೇ ಇಬ್ಬರು ಸಂಬಂಧಿಕರನ್ನು ಮಣ್ಣು ಮಾಡಿ, ರಜೆ ಚೀಟಿ ಬರೆದು, ಗದಗಿನ ಬಸ್ಸನ್ನೂ ಹಿಡಿದಿದ್ದೆ.

“ಆಕಳಾ ಈದೈತಿ. ಹೆಣ್ಣಗರ!”

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಸಮಸ್ತ ಹಿರಿಯರಲ್ಲಿ ನನ್ನದೊಂದು ವಿನಂತಿ. ಮೊದಲು ಆಕಳ ಸುದ್ದಿ ಹೇಳ್ರಿ. ಗಾಬರಿ ಆಗೋದೋ ಬಿಡೋದೋ ನಾವು ನೋಡಿಕೋತೀವಿ.